ಒಂದು ಹಾಳೆ, ಎರಡು ಪ್ರಶ್ನೆ

ಹಳ್ಳಿಯಲ್ಲಿ ಮನೆಮನೆ ಸುತ್ತುವ ಆಶಾ ಕಾರ್ಯಕರ್ತೆಯ ಕೆಲಸಕ್ಕೆ ಈಗ ಒಂದು ಟೇಪೂ ಬೇಕು. ದರ್ಜಿ ರವಿಕೆಗೆ ಅಳತೆ ತೆಗೆಯುವಂಥದೇ ಟೇಪು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ತಾಲ್ಲೂಕಾದರೂ ಸರಿ, ಮೂವತ್ತು ದಾಟಿದವರ ಮನೆಗೆ ಹೋದಾಗ ಆಕೆ ಒಂದು ನಮೂನೆ ತುಂಬಬೇಕು. ವಯಸ್ಸೆಷ್ಟು, ಹೊಗೆಸೊಪ್ಪಿನ ಅಭ್ಯಾಸ ಉಂಟೇ, ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ಬಿ.ಪಿ. ಇದೆಯೇ ಎಂದು ಕೇಳಿ, ಹೊಟ್ಟೆಯ ಸುತ್ತಳತೆಯನ್ನೂ ಬರೆದುಕೊಳ್ಳಬೇಕು. ಸರ್ಕಾರಿ ಭಾಷೆಯಲ್ಲಿ ಇದಕ್ಕೆ ‘ಸಿಬ್ಯಾಕ್’ ನಮೂನೆ ಎಂದು ಹೆಸರು. ಕೇಂದ್ರ ಆರೋಗ್ಯ ಸಚಿವಾಲಯದ 2016ರ ಮಾರ್ಗಸೂಚಿಯ ಜೊತೆ ಬಂದದ್ದು. ಅದರ ಲೆಕ್ಕದಲ್ಲಿ ಹೆಂಗಸರ ಸುತ್ತಳತೆ 80 ಸೆಂಟಿಮೀಟರಿನ ಒಳಗಿದ್ದರೆ ಸೊನ್ನೆ ಅಂಕ, 80ರಿಂದ 90ರವರೆಗೆ ಒಂದು, 90 ದಾಟಿದರೆ ಎರಡು.

ಅದೇ ನಮೂನೆಯನ್ನು ಇನ್ನಷ್ಟು ಕೆಳಗೆ ಓದಿದರೆ ಹೆಂಗಸರಿಗೆಂದೇ ಇರುವ ಕೆಲವು ಪ್ರಶ್ನೆಗಳು ಸಿಗುತ್ತವೆ. ಅವುಗಳಲ್ಲಿ ಒಂದು ಹೀಗಿದೆ: ಮುಟ್ಟು ನಿಂತ ಮೇಲೆ ರಕ್ತಸ್ರಾವ ಆಗುತ್ತಿದೆಯೇ?

ಸೊಂಟಕ್ಕೆ ಟೇಪು ಸುತ್ತಿಸಿಕೊಳ್ಳಲು ಯಾರೂ ಅಷ್ಟಾಗಿ ಸಂಕೋಚಪಡುವುದಿಲ್ಲ. ನೆರೆಹೊರೆಯವರು ಸುತ್ತ ನಿಂತು ನಗುತ್ತಾರೆ, ಅಷ್ಟೆ. ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ ಅಷ್ಟು ಸಲೀಸಾಗಿ ಬರುವುದಿಲ್ಲ. ಸೊಸೆ ಪಕ್ಕದಲ್ಲಿದ್ದಾಳೆ, ಮಗ ಬಾಗಿಲಲ್ಲಿ ನಿಂತಿದ್ದಾನೆ. ಐವತ್ತೈದು ಅರವತ್ತರ ಅಜ್ಜಿ ‘ಇಲ್ಲಮ್ಮ’ ಎಂದು ಹೇಳಿ ಮುಗಿಸಿಬಿಡುವುದೇ ಸುಲಭ.

ಈ ಎರಡು ಪ್ರಶ್ನೆಗಳಿಗೂ ಒಂದಕ್ಕೊಂದು ನಂಟಿದೆ ಎಂಬುದು ನಮೂನೆಯನ್ನು ನೋಡಿದರೆ ತಿಳಿಯುವುದಿಲ್ಲ. ಆ ನಂಟನ್ನು ಕಂಡುಕೊಳ್ಳಲು ವೈದ್ಯ ವಿಜ್ಞಾನಕ್ಕೂ ಹಲವು ದಶಕಗಳು ಹಿಡಿದವು. ಗರ್ಭಕೋಶದ ಒಳಪದರದ ಕ್ಯಾನ್ಸರ್ ಮತ್ತು ನಡುವಿನಲ್ಲಿ ಕೂಡುವ ಕೊಬ್ಬು, ಇವೆರಡನ್ನು ಒಂದುಗೂಡಿಸಿದ ಆ ಕಥೆ ನಮ್ಮ ಹೆಂಗಸರಿಗೆ ಯಾಕೆ ಗೊತ್ತಿರಬೇಕು ಎಂಬುದನ್ನು ನೋಡೋಣ.

ಬಡನಡು ಮತ್ತು ತುಂಬಿದ ಮೈ

ನಡುವಿನ ಬಗ್ಗೆ ನಮ್ಮಲ್ಲಿ ಎರಡು ಬಗೆಯ ಮಾತುಗಳಿವೆ. ಹಳಗನ್ನಡದ ಕವಿಗಳು ಹೆಣ್ಣನ್ನು ಹೊಗಳುವಾಗ ‘ಬಡನಡು’ವಿನವಳು ಎಂದರು. ಮನೆಗಳಲ್ಲಿ ಬಳಕೆಯಾದ ಮಾತು ಬೇರೆ. ತವರಿಗೆ ಬಂದ ಮಗಳು ‘ಮೈಕೈ ತುಂಬಿಕೊಂಡಿದ್ದಾಳೆ’ ಎಂದರೆ ಗಂಡನ ಮನೆಯಲ್ಲಿ ಅನ್ನಕ್ಕೆ ಕೊರತೆಯಿಲ್ಲ ಎಂದು ಅರ್ಥ. ‘ಸೊರಗಿದ್ದಾಳೆ’ ಎಂದರೆ ತಾಯಿಯ ಕಣ್ಣಲ್ಲಿ ನೀರು. ಮುಳಬಾಗಿಲು ತಾಲ್ಲೂಕಿನ ಕುರುಡುಮಲೆಯಲ್ಲಿ ಹದಿಮೂರು ಅಡಿಗೂ ಮಿಕ್ಕ ಏಕಶಿಲೆಯ ಗಣಪನ ಮುಂದೆ ಕೈಮುಗಿಯುವ ಭಕ್ತನಿಗೆ ಆ ದೊಡ್ಡ ಹೊಟ್ಟೆ ಸಮೃದ್ಧಿಯ ಗುರುತಾಗಿಯೇ ಕಾಣುತ್ತದೆ.

ಇದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ಕೋಲಾರ ಸೀಮೆಗೆ ನದಿ ನೀರಾವರಿ ಇಲ್ಲ. ಕೆರೆ ತುಂಬಿದರೆ ಬೆಳೆ, ಇಲ್ಲದಿದ್ದರೆ ಬರ. ಬರಗಾಲವನ್ನು ಕಂಡ ನಾಡಿನಲ್ಲಿ ಮೈಯಲ್ಲಿ ಕೂಡಿದ ಕೊಬ್ಬು ಕಣಜದಲ್ಲಿ ಕೂಡಿದ ರಾಗಿಯಂತೆ ಆಪತ್ತಿಗೆ ಆಗುವ ಆಸ್ತಿ. ಕೊಬ್ಬು ಎಂದರೆ ಸುಮ್ಮನೆ ಬಿದ್ದುಕೊಂಡಿರುವ ದಾಸ್ತಾನು ಎಂದು ಬಹುಕಾಲ ವೈದ್ಯರೂ ತಿಳಿದಿದ್ದರು. ಆ ನಂಬಿಕೆ ಅಲುಗಾಡತೊಡಗಿದ್ದು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ.

1947ರ ಎರಡು ಲೇಖನಗಳು

ನಮಗೆ ಸ್ವಾತಂತ್ರ್ಯ ಬಂದ 1947ರಲ್ಲೇ ಎರಡು ದೇಶಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದಂತೆ, ಎರಡು ವೈದ್ಯಕೀಯ ಲೇಖನಗಳು ಅಚ್ಚಾದವು.

ಮೊದಲನೆಯದನ್ನು ಬರೆದವರು ಫ್ರಾನ್ಸಿನ ಮಾರ್ಸೇಲ್ಸ್ ಪಟ್ಟಣದ ವೈದ್ಯ ಜಾನ್ ವಾಗ್. ದಪ್ಪಗಿರುವವರೆಲ್ಲ ಒಂದೇ ರೀತಿ ಕಾಯಿಲೆ ಬೀಳುವುದಿಲ್ಲ ಎಂಬುದು ಅವರ ಗಮನಕ್ಕೆ ಬಂದಿತ್ತು. ಅವರು ತೋಳಿನ ಕೊಬ್ಬನ್ನೂ ತೊಡೆಯ ಕೊಬ್ಬನ್ನೂ ಅಳೆದು ಹೋಲಿಸಿದರು. ಕೊಬ್ಬು ಮೈಯ ಮೇಲ್ಭಾಗದಲ್ಲಿ, ಹೊಟ್ಟೆಯಲ್ಲಿ ಸೇರುವುದನ್ನು ಗಂಡಸರ ಬಗೆಯ ಬೊಜ್ಜು ಎಂದರು. ಪಿರ್ರೆ ತೊಡೆಗಳಲ್ಲಿ ಸೇರುವುದನ್ನು ಹೆಂಗಸರ ಬಗೆಯ ಬೊಜ್ಜು ಎಂದು ಕರೆದರು. ಸಕ್ಕರೆ ಕಾಯಿಲೆ, ರಕ್ತನಾಳಗಳು ಪೆಡಸಾಗುವುದು, ಗೌಟು ಇವೆಲ್ಲ ಮೊದಲ ಬಗೆಯವರಲ್ಲೇ ಹೆಚ್ಚು, ಹೆಂಗಸಾದರೂ ಹೊಟ್ಟೆಯಲ್ಲಿ ಕೊಬ್ಬು ಸೇರಿದರೆ ಅಪಾಯ ಅದೇ ಎಂಬುದು ಅವರ ವಾದ. ಎಷ್ಟು ತೂಕ ಎಂಬುದರ ಜೊತೆಗೆ ಎಲ್ಲಿನ ತೂಕ ಎಂದೂ ಕೇಳಬೇಕು ಎಂದವರು ಅವರು. ಮೂರು ದಶಕಗಳ ಕಾಲ ಆ ಮಾತಿಗೆ ಹೆಚ್ಚು ಮಂದಿ ಕಿವಿಗೊಡಲಿಲ್ಲ.

ಎರಡನೆಯ ಲೇಖನ ನ್ಯೂಯಾರ್ಕಿನ ಸ್ತ್ರೀರೋಗ ತಜ್ಞ ಸಾಲ್ ಗಸ್‌ಬರ್ಗ್ ಅವರದು. ಗರ್ಭಕೋಶದ ಒಳಪದರದಲ್ಲಿ ಕ್ಯಾನ್ಸರ್ ಏಕಾಏಕಿ ಹುಟ್ಟುವುದಿಲ್ಲ, ಮೊದಲು ಆ ಪದರ ಅತಿಯಾಗಿ ಬೆಳೆದು ದಪ್ಪವಾಗುತ್ತದೆ, ಹಾಗೆ ಬೆಳೆಸುವುದರಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ಕೈವಾಡವಿದೆ ಎಂದು ಅವರು ತೋರಿಸಿದರು.

ಇದನ್ನು ತುಸು ಬಿಡಿಸಿ ಹೇಳಬೇಕು. ಗರ್ಭಕೋಶದ ಒಳಗೋಡೆಗೆ ಮೆತ್ತಿದಂತೆ ಒಂದು ಪದರ ಇರುತ್ತದೆ. ಈಸ್ಟ್ರೋಜನ್ ಅದನ್ನು ತಿಂಗಳು ತಿಂಗಳೂ ಬೆಳೆಸುತ್ತದೆ. ತಿಂಗಳ ಉತ್ತರಾರ್ಧದಲ್ಲಿ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಬಂದು ಆ ಬೆಳವಣಿಗೆಗೆ ಕಡಿವಾಣ ಹಾಕುತ್ತದೆ. ಬಸಿರು ನಿಲ್ಲದಿದ್ದರೆ ಪದರ ಕಳಚಿ ಮುಟ್ಟಾಗಿ ಹೊರಹೋಗುತ್ತದೆ. ಬೆಳೆಸುವವನು, ತಡೆಯುವವನು ಇಬ್ಬರೂ ಇದ್ದಷ್ಟು ದಿನ ಸಮತೋಲ. ತಡೆಯುವವನು ಇಲ್ಲದೆ ಬೆಳೆಸುವವನು ಮಾತ್ರ ಉಳಿದರೆ ತೊಂದರೆ ಶುರು.

ಹಾಗಾದರೆ ಮುಟ್ಟು ನಿಂತ ಮೇಲೆ ಅಪಾಯ ಕಡಿಮೆಯಾಗಬೇಕಲ್ಲವೇ? ಅಂಡಾಶಯ ಆಗ ಕೆಲಸ ನಿಲ್ಲಿಸಿರುತ್ತದೆ, ಈಸ್ಟ್ರೋಜನ್ ಬರುವುದಾದರೂ ಎಲ್ಲಿಂದ? ಆದರೆ ಈ ಕ್ಯಾನ್ಸರ್ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮುಟ್ಟು ನಿಂತವರಲ್ಲೇ. ಈ ಒಗಟು ಬಿಡಿಸಲು ಇನ್ನೂ ಎರಡು ದಶಕ ಬೇಕಾಯಿತು.

ಕೊಬ್ಬಿನೊಳಗಿನ ಕಾರ್ಖಾನೆ

ಉತ್ತರ ಸಿಕ್ಕಿದ್ದು ಅಮೆರಿಕದ ಟೆಕ್ಸಾಸಿನಲ್ಲಿ. ಪಾಲ್ ಮೆಕ್‌ಡೊನಾಲ್ಡ್ ಮತ್ತು ಪೆಂಟಿ ಸಿಟೆರಿ ಎಂಬ ಇಬ್ಬರು ಸಂಶೋಧಕರು 1960 ಮತ್ತು 70ರ ದಶಕಗಳಲ್ಲಿ ಒಂದು ಸಂಗತಿಯನ್ನು ಸಾಬೀತು ಮಾಡಿದರು. ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಮುಟ್ಟು ನಿಂತ ಮೇಲೂ ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ದೇಹದ ಕೊಬ್ಬು ಅದನ್ನು ಹಿಡಿದು ಈಸ್ಟ್ರೋಜನ್ ಆಗಿ ಮಾರ್ಪಡಿಸುತ್ತದೆ. ಅರೋಮಟೇಸ್ ಎಂಬ ಕಿಣ್ವ ಈ ಕೆಲಸ ಮಾಡುತ್ತದೆ. ವಯಸ್ಸಾದಷ್ಟೂ, ಕೊಬ್ಬು ಹೆಚ್ಚಿದಷ್ಟೂ ಈ ಮಾರ್ಪಾಟು ಹೆಚ್ಚು.

ಅಂದರೆ ದಾಸ್ತಾನು ಎಂದುಕೊಂಡಿದ್ದ ಕಣಜದೊಳಗೆ ಒಂದು ಕಾರ್ಖಾನೆಯೇ ನಡೆಯುತ್ತಿತ್ತು. ಅಂಡಾಶಯ ಮುಚ್ಚಿದ ಮೇಲೂ ಅದು ಬೆಳೆಸುವ ಹಾರ್ಮೋನನ್ನು ತಯಾರಿಸುತ್ತದೆ. ತಡೆಯುವ ಪ್ರೊಜೆಸ್ಟರಾನ್ ಅಷ್ಟರಲ್ಲಿ ಹೆಚ್ಚುಕಡಿಮೆ ಇಲ್ಲವಾಗಿರುತ್ತದೆ.

ಈ ವಿವರಣೆಗೆ ಬೇರೆ ದಿಕ್ಕಿನಿಂದ ಪುಷ್ಟಿ ಬಂದದ್ದು 1975ರ ಡಿಸೆಂಬರಿನಲ್ಲಿ. ಮುಟ್ಟು ನಿಂತ ಮೇಲಿನ ಕಿರಿಕಿರಿಗಳಿಗೆಂದು ಅಮೆರಿಕದಲ್ಲಿ ಆಗ ಈಸ್ಟ್ರೋಜನ್ ಮಾತ್ರೆಗಳನ್ನು ಧಾರಾಳವಾಗಿ ಕೊಡುತ್ತಿದ್ದರು. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಪ್ರಕಟವಾದವು. ಆ ಮಾತ್ರೆ ನುಂಗಿದವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಸಂಭವ ನಾಲ್ಕೈದು ಪಟ್ಟಿನಿಂದ ಏಳೆಂಟು ಪಟ್ಟಿನವರೆಗೆ ಹೆಚ್ಚು ಎಂದು ಅವು ಹೇಳಿದವು. ಮಾತ್ರೆಗಳ ಮಾರಾಟ ಕುಸಿಯಿತು. ಗರ್ಭಕೋಶ ಇರುವವರಿಗೆ ಈಸ್ಟ್ರೋಜನ್ ಕೊಡಬೇಕಾದಾಗ ಪ್ರೊಜೆಸ್ಟರಾನ್ ಬಗೆಯ ಔಷಧವನ್ನೂ ಜೊತೆಗೆ ಕೊಡುವ ಪದ್ಧತಿ ಬಂದದ್ದು ಇದಾದ ಮೇಲೆ. ಹೊರಗಿನ ಮಾತ್ರೆ ಮಾಡುವುದನ್ನೇ ಮೈಯೊಳಗಿನ ಕೊಬ್ಬು ನಿಧಾನವಾಗಿ, ವರ್ಷಗಟ್ಟಲೆ ಮಾಡುತ್ತದೆ ಎಂಬುದು ಆಗ ಇನ್ನಷ್ಟು ಸ್ಪಷ್ಟವಾಯಿತು.

ಟೇಪು ವಿಜ್ಞಾನದ ಉಪಕರಣವಾದದ್ದು

ಇನ್ನೊಂದು ಕಡೆ ಜಾನ್ ವಾಗ್ ಅವರ ಮರೆತುಹೋದ ಮಾತಿಗೆ ಸ್ವೀಡನ್ನಿನಲ್ಲಿ ಜೀವ ಬಂತು. ಗೊಥೆನ್‌ಬರ್ಗ್ ಪಟ್ಟಣದಲ್ಲಿ 1968–69ರಲ್ಲಿ 1,462 ಹೆಂಗಸರನ್ನು ಪರೀಕ್ಷಿಸಿ ಅವರ ಆರೋಗ್ಯವನ್ನು ಹನ್ನೆರಡು ವರ್ಷ ಗಮನಿಸುತ್ತ ಬಂದರು. 1984ರಲ್ಲಿ ಫಲಿತಾಂಶ ಬಂತು: ಹೃದಯದ ಕಾಯಿಲೆಯನ್ನು ಮುಂದಾಗಿ ಸೂಚಿಸುವುದರಲ್ಲಿ ತೂಕಕ್ಕಿಂತ ಸೊಂಟ ಮತ್ತು ಪಿರ್ರೆಯ ಸುತ್ತಳತೆಗಳ ಅನುಪಾತವೇ ಹೆಚ್ಚು ನೆರವಾಯಿತು. ಎರಡು ಕಾಸಿನ ಟೇಪು ಹಾಗೆ ಪ್ರಯೋಗಶಾಲೆಯ ಉಪಕರಣಗಳ ಸಾಲಿಗೆ ಸೇರಿತು. ಗೊಥೆನ್‌ಬರ್ಗಿನ ಸಂಶೋಧಕರು 1988ರಲ್ಲಿ ಅದೇ ಅಳತೆಯನ್ನು ಹೆಂಗಸರ ಕ್ಯಾನ್ಸರುಗಳ ಜೊತೆಗೂ ಹೊಂದಿಸಿ ನೋಡಿದರು.

ಹೊಟ್ಟೆಯ ಕೊಬ್ಬು ಮಾಡುವ ಕೆಡುಕು ಈಸ್ಟ್ರೋಜನ್ ಒಂದರಿಂದಲೇ ಅಲ್ಲ ಎಂಬುದೂ ಈ ಹೊತ್ತಿಗೆ ತಿಳಿಯತೊಡಗಿತ್ತು. ಕರುಳು, ಯಕೃತ್ತಿನ ಸುತ್ತ ಸೇರುವ ಕೊಬ್ಬು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಯಾಗುತ್ತದೆ. ಆಗ ದೇಹ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೆಚ್ಚಾದ ಇನ್ಸುಲಿನ್ ಗರ್ಭಕೋಶದ ಒಳಪದರದ ಕೋಶಗಳು ಬೆಳೆಯಲು ಕುಮ್ಮಕ್ಕು ಕೊಡುತ್ತದೆ. ಜೊತೆಗೆ ರಕ್ತದಲ್ಲಿ ಈಸ್ಟ್ರೋಜನ್ನನ್ನು ಕಟ್ಟಿಹಾಕಿಕೊಂಡಿರುವ ಒಂದು ಪ್ರೋಟೀನನ್ನು ಕಡಿಮೆ ಮಾಡಿ ಇನ್ನಷ್ಟು ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಸಕ್ಕರೆ ಕಾಯಿಲೆ ಇರುವ ಹೆಂಗಸರಲ್ಲಿ ಈ ಕ್ಯಾನ್ಸರ್ ಹೆಚ್ಚು ಕಾಣುವುದಕ್ಕೆ ಇದೂ ಒಂದು ಕಾರಣ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಹೃದಯದ ವಿಷಯದಲ್ಲಿ ಹೊಟ್ಟೆಯ ಅಳತೆಗೆ ಇರುವ ಮೇಲುಗೈ ಈ ಕ್ಯಾನ್ಸರಿನ ವಿಷಯದಲ್ಲಿ ಅಷ್ಟಿಲ್ಲ. ಇಲ್ಲಿ ಮೈಯ ಒಟ್ಟು ಕೊಬ್ಬೇ ಮುಖ್ಯ ಆರೋಪಿ. ಅದು ಎಲ್ಲಿ ಸೇರಿದೆ ಎಂಬುದು ಜೊತೆಗಾರ. ಎತ್ತರಕ್ಕೆ ತಕ್ಕ ತೂಕವನ್ನು ಲೆಕ್ಕಹಾಕುವ ಬಿ.ಎಂ.ಐ. ಐದು ಅಂಕ ಏರಿದರೆ ಅಪಾಯ ಸುಮಾರು ಒಂದೂವರೆ ಪಟ್ಟಾಗುತ್ತದೆ. ಸೊಂಟದ ಸುತ್ತಳತೆ 10 ಸೆಂಟಿಮೀಟರ್ ಏರಿದರೆ ಸುಮಾರು ಕಾಲುಭಾಗದಷ್ಟು ಹೆಚ್ಚುತ್ತದೆ. ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ತೆಗೆದ ಲೆಕ್ಕ ಇದು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2002ರಲ್ಲಿ, ಮತ್ತೆ 2016ರಲ್ಲಿ ಎಲ್ಲ ಸಾಕ್ಷ್ಯವನ್ನೂ ತೂಗಿ ನೋಡಿತು. ಬೊಜ್ಜಿನೊಂದಿಗೆ ಖಚಿತ ನಂಟಿರುವ 13 ಕ್ಯಾನ್ಸರುಗಳನ್ನು ಹೆಸರಿಸಿತು. ಗರ್ಭಕೋಶದ ಒಳಪದರದ್ದು ಎರಡು ಬಾರಿಯೂ ಆ ಪಟ್ಟಿಯಲ್ಲಿತ್ತು.

ಪುಣೆಯ ಒಂದು ಚಿತ್ರ, ಕೋಲಾರದ ಒಂದು ಬದಲಾವಣೆ

ಈ ಲೆಕ್ಕಗಳಲ್ಲಿ ಹೆಚ್ಚಿನವು ಯೂರೋಪ್ ಮತ್ತು ಅಮೆರಿಕದ ಹೆಂಗಸರವು. ನಮ್ಮವರ ಮೈಕಟ್ಟು ಬೇರೆ. ಇದನ್ನು ಎಲ್ಲರಿಗೂ ಅರ್ಥವಾಗುವಂತೆ ತೋರಿಸಿದ್ದು 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಚಿತ್ರ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಜಾನ್ ಯುಡ್ಕಿನ್ ಅಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿ.ಎಂ.ಐ. ಒಂದೇ, 22.3. ತಕ್ಕಡಿಯ ಲೆಕ್ಕದಲ್ಲಿ ಇಬ್ಬರೂ ಸಮ. ಮೈಯೊಳಗಿನ ಕೊಬ್ಬನ್ನು ಅಳೆದರೆ ಯುಡ್ಕಿನ್ ಅವರದು ನೂರಕ್ಕೆ 9.1, ಯಾಜ್ಞಿಕ್ ಅವರದು 21.2. ಕೈಕಾಲು ತೆಳ್ಳಗೆ, ಹೊಟ್ಟೆಯಲ್ಲಿ ಮಾತ್ರ ಕೊಬ್ಬು ಎಂಬ ಭಾರತೀಯ ಮೈಕಟ್ಟನ್ನು ತಕ್ಕಡಿ ಹಿಡಿಯಲಾರದು, ಟೇಪು ಹಿಡಿಯುತ್ತದೆ. ನಮ್ಮ ಹೆಂಗಸರಿಗೆ 80 ಸೆಂಟಿಮೀಟರ್ ಎಂಬ ಮಿತಿ, ಬಿ.ಎಂ.ಐ.ಗೆ 25ರ ಬದಲು 23ರಿಂದಲೇ ಎಚ್ಚರಿಕೆ ಎಂಬ ನಿಯಮ ಬಂದದ್ದು ಇಂಥ ತಿಳಿವಳಿಕೆಯಿಂದ.

‘ಇದೆಲ್ಲ ಬೆಂಗಳೂರಿನ ದೊಡ್ಡ ಮನೆಗಳ ಕಾಯಿಲೆ, ಹೊಲದಲ್ಲಿ ದುಡಿಯುವವರಿಗೆ ಯಾಕೆ?’ ಎಂದು ಕೇಳುವವರುಂಟು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ತೂಕ ಹೆಚ್ಚಿದ ಹೆಂಗಸರು 2015–16ರಲ್ಲಿ ನೂರಕ್ಕೆ ಸುಮಾರು 23 ಇದ್ದರು. 2019–21ರಲ್ಲಿ ಅದು ಸುಮಾರು 30ಕ್ಕೆ ಏರಿತು. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 17 ಹೆಂಗಸರು ತೂಕ ಸಾಲದವರು. ಒಂದೇ ರಾಜ್ಯದಲ್ಲಿ ಸೊರಗಿದವರೂ ಇದ್ದಾರೆ, ಬೊಜ್ಜಿನವರೂ ಇದ್ದಾರೆ. ಈ ಸಮೀಕ್ಷೆ ಮೊದಲ ಬಾರಿಗೆ ಟೇಪನ್ನೂ ಬಳಸಿ ದೇಶದ ನೂರು ಹೆಂಗಸರಲ್ಲಿ 57 ಮಂದಿಯ ಸೊಂಟ–ಪಿರ್ರೆಯ ಅನುಪಾತ ಅಪಾಯದ ಗೆರೆ ದಾಟಿದೆ ಎಂದು ಕಂಡಿತು. ತೂಕದ ಲೆಕ್ಕಕ್ಕಿಂತ ಇದು ಎಷ್ಟೋ ಹೆಚ್ಚು.

ನಮ್ಮ ನಾಲ್ಕು ತಾಲ್ಲೂಕುಗಳ ಬದುಕೂ ಬದಲಾಗಿದೆ. ಬೀಸುವ ಕಲ್ಲು, ಒನಕೆ ಮೂಲೆ ಸೇರಿ ಎಷ್ಟೋ ಕಾಲವಾಯಿತು. ಉಳುಮೆಗೆ ಟ್ರ್ಯಾಕ್ಟರ್, ನೀರಿಗೆ ನಲ್ಲಿ, ರುಬ್ಬಲು ಮಿಕ್ಸಿ ಬಂದಿವೆ. ಮುದ್ದೆಯ ಜೊತೆ ಪಡಿತರದ ಅಕ್ಕಿ ಬಂದಿದೆ. ನರಸಾಪುರ, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ಕಂಪನಿ ಬಸ್ಸು ಹತ್ತಿ ಹೋಗುವ ಹೆಣ್ಣುಮಕ್ಕಳ ದುಡಿಮೆ ಪಾಳಿಯ ಲೆಕ್ಕದ್ದು. ಹೆಂಗಸರ ಬೆನ್ನು ಮುರಿಯುತ್ತಿದ್ದ ಕೆಲಸ ತಪ್ಪಿದ್ದು ಒಳ್ಳೆಯದೇ. ಅದನ್ನು ಮರಳಿ ತರಬೇಕೆಂದು ಯಾರೂ ಹೇಳಲಾರರು. ಅದರ ಜಾಗಕ್ಕೆ ನಡಿಗೆ, ವ್ಯಾಯಾಮ ಯಾವುದೂ ಬರಲಿಲ್ಲ ಎಂಬುದಷ್ಟೇ ಚಿಂತೆ. ಬೊಜ್ಜನ್ನು ಸೋಮಾರಿತನದ ಶಿಕ್ಷೆ ಎಂದು ಹಂಗಿಸುವುದೂ ಸರಿಯಲ್ಲ. ಬದುಕಿನ ರೀತಿ ಬದಲಾದಾಗ ಮೈಯೂ ಬದಲಾಗುತ್ತದೆ.

ತಪಾಸಣೆಗೆ ಕಾಣದ ಜಾಗ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1973ರಲ್ಲಿ ಆರಂಭವಾಯಿತು. 1982ರಿಂದ ಬೆಂಗಳೂರು ನಗರದ ಕ್ಯಾನ್ಸರ್ ರೋಗಿಗಳ ನೋಂದಣಿ ಅಲ್ಲಿ ನಡೆದುಬಂದಿದೆ. ಆ ದಾಖಲೆಯ ಮೊದಲ ವರ್ಷಗಳಲ್ಲಿ ಹೆಂಗಸರ ಪಟ್ಟಿಯ ತಲೆಯಲ್ಲಿದ್ದುದು ಗರ್ಭಕೋಶದ ಬಾಯಿಯ ಕ್ಯಾನ್ಸರ್. ಕಾಲಕ್ರಮೇಣ ಅದು ಇಳಿದು ಸ್ತನ ಕ್ಯಾನ್ಸರ್ ಮೇಲೇರಿತು. ಗರ್ಭಕೋಶದ ಒಡಲಿನ ಕ್ಯಾನ್ಸರ್ ಸಂಖ್ಯೆಯಲ್ಲಿ ಇವೆರಡಕ್ಕಿಂತ ಬಹಳ ಕಡಿಮೆ, ಆದರೆ ಏರುತ್ತಿರುವುದರಲ್ಲಿ ಅದೂ ಒಂದು.

ಬಾಯಿ ಬೇರೆ, ಒಡಲು ಬೇರೆ. ಈ ವ್ಯತ್ಯಾಸದಲ್ಲೇ ನಮ್ಮ ಹೆಂಗಸರ ಪಾಲಿನ ಅಪಾಯ ಅಡಗಿದೆ. ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ವೈರಸ್ ಕಾರಣ. ಅದಕ್ಕೆ ಲಸಿಕೆ ಇದೆ, ಆರೋಗ್ಯ ಕೇಂದ್ರದಲ್ಲಿ ಮಾಡುವ ತಪಾಸಣೆಯೂ ಇದೆ. ಸರ್ಕಾರದ ತಪಾಸಣೆ ಕಾರ್ಯಕ್ರಮ ನೋಡುವುದು ಬಾಯಿ, ಸ್ತನ ಮತ್ತು ಗರ್ಭಕೋಶದ ಬಾಯಿ ಎಂಬ ಮೂರು ಜಾಗಗಳ ಕ್ಯಾನ್ಸರನ್ನು. ಗರ್ಭಕೋಶದ ಒಳಪದರ ಆ ಕಣ್ಣಿಗೆ ಬೀಳುವುದಿಲ್ಲ. ಆರೋಗ್ಯವಾಗಿರುವವರನ್ನು ಸಾಲಾಗಿ ನಿಲ್ಲಿಸಿ ಈ ಕ್ಯಾನ್ಸರನ್ನು ಹುಡುಕುವ ಒಪ್ಪಿತ ಪರೀಕ್ಷೆ ಯಾವ ದೇಶದಲ್ಲೂ ಇಲ್ಲ. ‘ಕ್ಯಾಂಪಿನಲ್ಲಿ ತೋರಿಸಿದೆ, ಏನೂ ಇಲ್ಲ ಅಂದರು’ ಎಂದು ನಿಶ್ಚಿಂತೆಯಿಂದ ಮನೆಗೆ ಬಂದ ಹೆಂಗಸಿಗೆ ಒಳಪದರದ ಬಗ್ಗೆ ಆ ಪರೀಕ್ಷೆ ಏನನ್ನೂ ಹೇಳಿರುವುದಿಲ್ಲ.

ಪರೀಕ್ಷೆ ಇಲ್ಲದಿದ್ದರೂ ಪ್ರಕೃತಿಯೇ ಒಂದು ಎಚ್ಚರಿಕೆ ಕೊಟ್ಟಿದೆ. ಮುಟ್ಟು ನಿಂತ ಮೇಲೆ ಈ ಕ್ಯಾನ್ಸರ್ ಬಂದ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿಗೆ ರಕ್ತ ಕಾಣಿಸಿಕೊಳ್ಳುತ್ತದೆ. ಹಾಗೆಂದು ರಕ್ತ ಕಂಡ ಕೂಡಲೇ ಕ್ಯಾನ್ಸರ್ ಎಂದು ಎದೆಯೊಡೆದುಕೊಳ್ಳಬೇಕಿಲ್ಲ. ಅಂಥ ರಕ್ತಸ್ರಾವ ಕಂಡವರನ್ನು ಪರೀಕ್ಷಿಸಿದರೆ ಕ್ಯಾನ್ಸರ್ ಸಿಗುವುದು ಹತ್ತರಲ್ಲಿ ಒಬ್ಬರಿಗೂ ಕಡಿಮೆ. ಉಳಿದವರಿಗೆ ಸಣ್ಣಪುಟ್ಟ ಕಾರಣಗಳಿರುತ್ತವೆ. ಆದರೆ ಆ ಒಬ್ಬರು ಯಾರೆಂದು ಮನೆಯಲ್ಲಿ ಕೂತು ತಿಳಿಯಲಾಗದು. ಸ್ಕ್ಯಾನ್ ಮಾಡಿ ಒಳಪದರದ ದಪ್ಪ ನೋಡಬೇಕು, ಬೇಕೆನಿಸಿದರೆ ಪದರದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಗರ್ಭಕೋಶದ ಆಚೆ ಹರಡುವ ಮೊದಲೇ ಸಿಕ್ಕರೆ ಇದು ವಾಸಿಯಾಗುವ ಕ್ಯಾನ್ಸರ್. ಅಮೆರಿಕದ ದಾಖಲೆಗಳಲ್ಲಿ ಅಂಥವರು ನೂರಕ್ಕೆ 90ಕ್ಕೂ ಹೆಚ್ಚು ಮಂದಿ ಐದು ವರ್ಷ ದಾಟುತ್ತಾರೆ.

ನಮ್ಮಲ್ಲಿ ಆ ರಕ್ತಕ್ಕೆ ಬೇರೆ ಹೆಸರುಗಳಿವೆ. ‘ಮೈಗೆ ಉಷ್ಣ ಆಗಿದೆ’ ಎಂದು ಮೆಂತ್ಯದ ನೀರು ಕುಡಿದು ಸುಮ್ಮನಾಗುವವರಿದ್ದಾರೆ. ‘ನಿಂತದ್ದು ಮತ್ತೆ ಬಂತು’ ಎಂದು ಒಳಗೊಳಗೇ ನಾಚುವವರಿದ್ದಾರೆ. ಹೆಣ್ಣಿನ ಮೈಯ ವಿಷಯವನ್ನು ಕನ್ನಡದಲ್ಲಿ ಬಿಚ್ಚಿ ಹೇಳಬಹುದು ಎಂದು ತೋರಿಸಿಕೊಟ್ಟವರು ವೈದ್ಯೆ, ಲೇಖಕಿ ಅನುಪಮಾ ನಿರಂಜನ. ‘ವಧುವಿಗೆ ಕಿವಿಮಾತು’, ‘ಸ್ತ್ರೀ ಸ್ವಾಸ್ಥ್ಯ ಸಂಹಿತೆ’ಯಂಥ ಪುಸ್ತಕಗಳನ್ನು ಬರೆದ ಅವರು 1991ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಮದುವೆಗೆ ನಿಂತ ಹುಡುಗಿಗೆ ಕಿವಿಮಾತು ಹೇಳಲು ಒಂದು ಪುಸ್ತಕವಾದರೂ ಬಂತು. ಮುಟ್ಟು ನಿಂತ ಅಜ್ಜಿಯ ಕಿವಿಯಲ್ಲಿ ಹೇಳುವವರು ಯಾರು?

ಹೇಳುವುದಕ್ಕೂ ತೋರಿಸುವುದಕ್ಕೂ ಜಾಗಗಳಿಲ್ಲದಿಲ್ಲ. ಕೋಲಾರದಲ್ಲಿ ಮೆಥಡಿಸ್ಟ್ ಮಿಷನ್ನಿನ ಇ.ಟಿ.ಸಿ.ಎಂ. ಆಸ್ಪತ್ರೆ 1910ರಷ್ಟು ಹಳೆಯದು. ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆ ಇದೆ. ಟಮಕದಲ್ಲಿ 1986ರಲ್ಲಿ ಶುರುವಾದ ದೇವರಾಜ ಅರಸು ವೈದ್ಯಕೀಯ ಕಾಲೇಜು ಇದೆ. ಅಲ್ಲಿಗೆ ಹೋಗುವ ಬಸ್ಸಿಗಿಂತ ಮುಂಚೆ ಬೇಕಾದದ್ದು ಮನೆಯೊಳಗೆ ಒಂದು ಮಾತು.

ಆ ಮಾತನ್ನು ಆಡಿಸುವ ಅವಕಾಶ ಆಶಾ ಕಾರ್ಯಕರ್ತೆಯ ಹಾಳೆಯಲ್ಲಿದೆ. ಟೇಪಿನಲ್ಲಿ 80 ದಾಟಿತೆಂದು ಬರೆದುಕೊಂಡ ಮೇಲೆ, ಸೊಸೆ ಮಗನನ್ನು ಸ್ವಲ್ಪ ಆಚೆ ಕಳಿಸಿ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಾದರೆ ತೆಲುಗಿನಲ್ಲೇ ಆಗಲಿ, ಎರಡನೆಯ ಪ್ರಶ್ನೆಯನ್ನು ನಿಧಾನವಾಗಿ ಕೇಳಬೇಕು. ಅಳತೆ ಎಷ್ಟೇ ಬಂದರೂ, ತೆಳ್ಳಗಿದ್ದರೂ, ಆ ಪ್ರಶ್ನೆಗೆ ‘ಹೌದು’ ಎಂದವರು ಆಸ್ಪತ್ರೆಗೆ ಹೋಗಲೇಬೇಕು. ಒಂದೇ ಒಂದು ಸಲ, ಒಂದೇ ಒಂದು ಕಲೆ ಕಂಡಿದ್ದರೂ ಸರಿ. ಆಶಾ ಕಾರ್ಯಕರ್ತೆ ಇನ್ನೂ ಬಂದಿಲ್ಲವೆಂದರೆ ಮಗಳೇ ಅಮ್ಮನನ್ನು ಕೇಳಬಹುದು.